ಚಂದ್ರಲೋಕದ ದಾಯಾದಿಗಳು

ಭೂಮಿಯನ್ನು ಬಿಟ್ಟು ಚಂದ್ರನಲ್ಲೋ ಮಂಗಳನಲ್ಲೋ ನೆಲೆಸಿದವರು ಒಂದು ದಿನ ತಾಯ್ನೆಲದ ಮೇಲೆ ತಿರುಗಿಬೀಳುತ್ತಾರೆ. ವಿಜ್ಞಾನ ಕಥೆಗಳಲ್ಲಿ ಇದು ಸವೆದ ಹಾದಿ. ಆ ದಂಗೆಗೆ ಚಪ್ಪಾಳೆ ತಟ್ಟುವುದಷ್ಟೇ ಓದುಗನ ಕೆಲಸವೆಂದು ಅನೇಕ ಲೇಖಕರು ಭಾವಿಸಿದಂತಿದೆ. ನಮ್ಮ ತಕರಾರು ಇರುವುದು ಇಲ್ಲಿಯೇ.

ರಾಬರ್ಟ್ ಹೈನ್‌ಲೈನ್ ಬರೆದ ‘ದಿ ಮೂನ್ ಈಸ್ ಎ ಹಾರ್ಷ್ ಮಿಸ್ಟ್ರೆಸ್’ (1966) ಕಾದಂಬರಿಯನ್ನೇ ನೋಡಿ. ಅದರಲ್ಲಿ ಚಂದ್ರನೊಂದು ಅಂಡಮಾನು. ಭೂಮಿಯವರು ಕೈದಿಗಳನ್ನು ಅಟ್ಟಿದ ನೆಲ. ಆ ಕೈದಿಗಳೂ ಅವರ ಸಂತತಿಯೂ ಸುರಂಗಗಳಲ್ಲಿ ಗೋಧಿ ಬೆಳೆದು ಭೂಮಿಗೆ ಕಳಿಸುತ್ತಾರೆ. ಗೋಧಿಯ ಜೊತೆಗೆ ಚಂದ್ರನ ನೀರೂ ಹೋಗುತ್ತದೆ. ಹೋದ ನೀರು ಮರಳಿ ಬರುವುದಿಲ್ಲ. ದಾದಾಭಾಯಿ ನವರೋಜಿಯವರು ಬ್ರಿಟಿಷ್ ಆಳ್ವಿಕೆಯ ಮೇಲೆ ಹೊರಿಸಿದ ‘ಸಂಪತ್ತಿನ ಸೋರಿಕೆ’ಯ ಆರೋಪವೇ ಇದು. ದೂರು ನ್ಯಾಯವಾದದ್ದು, ಒಪ್ಪೋಣ. ಆದರೆ ಲೇಖಕರು ಅದಕ್ಕೆ ತೊಡಿಸಿದ ಅಂಗಿ ಅಮೆರಿಕದ್ದು. ಚಂದ್ರನ ಸ್ವಾತಂತ್ರ್ಯ ಘೋಷಣೆಯ ದಿನ 2076ರ ಜುಲೈ 4!

ಆ ಗೋಧಿಯನ್ನು ತಿನ್ನುವವರಾದರೂ ಯಾರು? ಭಾರತದ ಹಸಿದವರು. ಕಾದಂಬರಿ ಪ್ರಕಟವಾದ ವರ್ಷವೇ ಬಿಹಾರದಲ್ಲಿ ಬರ. ಅಮೆರಿಕದ ಗೋಧಿಯ ಹಡಗಿಗಾಗಿ ನಮ್ಮ ದೇಶ ಕಾದು ಕುಳಿತ ಕಾಲ. ಈ ಹಸಿದವನಿಗೆ ಕಥೆಯಲ್ಲಿ ಹೊಟ್ಟೆಯಿದ್ದಷ್ಟು ಬಾಯಿಯಿಲ್ಲ. ಅವನೂ ಮಾತನಾಡಿದ್ದರೆ ದಂಗೆಯ ರಥ ಅಷ್ಟು ಸಲೀಸಾಗಿ ಉರುಳುತ್ತಿರಲಿಲ್ಲ.

ಮನಸ್ಸು ಮುರಿಯುವ ಬಗೆಯನ್ನು ಐಸಾಕ್ ಅಸಿಮೋವ್ ಇನ್ನೂ ಚೆನ್ನಾಗಿ ಕಂಡಿದ್ದರು. ‘ದಿ ಕೇವ್ಸ್ ಆಫ್ ಸ್ಟೀಲ್’ (1954) ಕಾದಂಬರಿಯಲ್ಲಿ ಹೊರಲೋಕದವರು ಭೂಮಿಗೆ ಬಂದು ಬೇರೆಯೇ ಊರು ಕಟ್ಟಿಕೊಂಡಿದ್ದಾರೆ. ಅವರ ಪೂರ್ವಿಕರೂ ಭೂಮಿಯವರೇ. ಆದರೂ ಭೂಮಿಯವನು ಆ ಊರಿಗೆ ಕಾಲಿಡಬೇಕಾದರೆ ಮೊದಲು ಸ್ನಾನ, ಆಮೇಲೆ ರೋಗಪರೀಕ್ಷೆ. ಮಡಿ-ಮೈಲಿಗೆಯನ್ನು ಕಂಡುಂಡ ನಮಗೆ ಇದರ ವ್ಯಾಖ್ಯಾನ ಬೇಕಿಲ್ಲ. ಆದರೆ ಇಲ್ಲಿ ಹೊರಲೋಕದವರ ಅಂಜಿಕೆ ಸುಳ್ಳಲ್ಲ. ರೋಗವಿಲ್ಲದ ಲೋಕದಲ್ಲಿ ಬೆಳೆದವರಿಗೆ ಭೂಮಿಯ ಸೋಂಕು ಮಾರಿಯೇ. ಅಂಜಿಕೆಯೂ ನಿಜ, ಅವಮಾನವೂ ನಿಜ. ಎರಡು ಪಕ್ಷಕ್ಕೂ ಮುಖವಿರುವುದರಿಂದಲೇ ಅದು ಕಥೆಯಾಗಿದೆ.

ದಾಯಾದಿಗಳ ಜಗಳ ಕೋರ್ಟಿನ ಮೆಟ್ಟಿಲೇರುವಾಗ ಹುಟ್ಟಿದ್ದಲ್ಲ. ಬಾವಿಯ ನೀರಿನಲ್ಲಿ, ಊಟದ ಪಂಕ್ತಿಯಲ್ಲಿ ಅದು ಎಂದೋ ಹುಟ್ಟಿರುತ್ತದೆ. ಅದನ್ನು ಬಿಟ್ಟು ಕಾಳಗವನ್ನಷ್ಟೇ ಬರೆಯುವವರು ಗ್ರಹಗಳ ಹೆಸರು ಹಾಕಿ ಹಳೆಯ ಚರಿತ್ರೆಯ ಪಾಠವನ್ನೇ ಒಪ್ಪಿಸುತ್ತಾರೆ.

2023ರಲ್ಲಿ ನಮ್ಮ ಚಂದ್ರಯಾನವೂ ಚಂದ್ರನ ನೆಲವನ್ನು ಮುಟ್ಟಿತು. ಇನ್ನು ಈ ಕಥೆಗಳನ್ನು ನಾವೂ ಬರೆಯುತ್ತೇವೆ. ಬರೆಯುವಾಗ ಎರವಲು ಫಿರಂಗಿ ಬೇಡ. ಯಾರ ನೀರು, ಯಾರ ಅನ್ನ, ಯಾರು ಯಾರನ್ನು ಹೊಸಿಲಾಚೆ ನಿಲ್ಲಿಸಿದರು ಎಂಬ ಲೆಕ್ಕ ಮೊದಲು ಬರಲಿ. ಆ ಲೆಕ್ಕ ನಮಗೆ ಹೊಸದಲ್ಲ.