ಗೆದ್ದ ಜನರಲ್, ಕಂದಕ ತೋಡಿದ ಜನ

ಸಾವನದುರ್ಗದ ಕರಿಗುಡ್ಡ, ಬಿಳಿಗುಡ್ಡ ತೋರಿಸಿ ಮೇಷ್ಟ್ರು ಮಕ್ಕಳಿಗೆ ಎರಡು ಹೆಸರು ಹೇಳ್ತಾರೆ: ಆಳಿದ ಕೆಂಪೇಗೌಡರು, ಟಿಪ್ಪುವಿನಿಂದ ಕಿತ್ತುಕೊಂಡ ಕಾರ್ನ್‌ವಾಲಿಸ್.

1791ರ ಡಿಸೆಂಬರ್ 21ರಂದು ಕೋಟೆ ಒಂದು ಗಂಟೆಯೊಳಗೇ ಬಿತ್ತು. ಲಗ್ಗೆಯಲ್ಲಿ ನಮ್ಮವನೊಬ್ಬನೂ ಸಾಯಲಿಲ್ಲ, ಒಬ್ಬ ಸೈನಿಕನಿಗೆ ಗಾಯವಾಯ್ತು ಅಷ್ಟೇ ಎಂದು ಕಂಪನಿಯವರು ಹೆಮ್ಮೆಯಿಂದ ಬರೆದುಕೊಂಡರು. ಅದಕ್ಕೆ ಮುಂಚೆ ದಿನಗಟ್ಟಲೆ ಬಿದಿರು ಮೆಳೆ ಕಡಿದು, ಬಂಡೆ ದಾಟಿಸಿ ಫಿರಂಗಿ ಎಳೆದವರು ಯಾರು? ಮುತ್ತಿಗೆ ನಡೆಸಿದ ಕರ್ನಲ್ ಸ್ಟುವರ್ಟನ ಹೆಸರಾದರೂ ಉಳೀತು. ಎಳೆದವರದು ಇಲ್ಲ.

ಇಲ್ಲಿ ನಮ್ಮ ಗೆಳೆಯರೇ ಕೆಲವರು ಅಡ್ಡ ಬರ್ತಾರೆ. ರಾಜರು ನಮ್ಮ ಕೈಗೆ ತಮಟೆ ಕೊಟ್ಟರು, ಕಂಪನಿ ಬಂದೂಕು ಕೊಡ್ತು ಅಂತ. ಸುಳ್ಳಲ್ಲ. ಕಂಪನಿಯ ಸೈನ್ಯದಲ್ಲಿ ಅಸ್ಪೃಶ್ಯರು ಹೋರಾಡಿದ್ದನ್ನು ಅಂಬೇಡ್ಕರ್ ಅವರೇ ಬರೆದಿದ್ದಾರೆ. ಆದರೆ ಕೊಟ್ಟ ಕೈ ಎಂಥದ್ದು ಅಂತಲೂ ನೋಡಬೇಕಲ್ಲ.

ಹತ್ತು ವರ್ಷ ಹಿಂದೆ ಇದೇ ಜನರಲ್ ಅಮೆರಿಕದಲ್ಲಿ ಸೈನ್ಯ ನಡೆಸುತ್ತಿದ್ದ. ಪಠ್ಯಪುಸ್ತಕಕ್ಕೆ ಅದು ಸ್ವಾತಂತ್ರ್ಯ ಸಮರ. ಅವನು ತಿರುಗಿದ ದಕ್ಷಿಣದ ಪ್ರಾಂತ್ಯಗಳಲ್ಲಿ ನೆರೆಯವರು ನೆರೆಯವರನ್ನೇ ಕೊಂದ ಅಂತರ್ಯುದ್ಧ. ಬಂಡೆದ್ದ ಒಡೆಯರನ್ನು ಬಿಟ್ಟು ಬಂದ ಗುಲಾಮರಿಗೆ ರಕ್ಷಣೆ ಕೊಡ್ತೀವಿ ಅಂತ ಬ್ರಿಟಿಷರು 1779ರಲ್ಲಿ ಸಾರಿದ್ದರು. ಸಾವಿರಾರು ಕಪ್ಪು ಜನ ನಂಬಿ ಬಂದರು. ಯಾರ್ಕ್‌ಟೌನಿನಲ್ಲಿ ಅವನಿಗಾಗಿ ಕಂದಕ ತೋಡಿದರು. 1781ರಲ್ಲಿ ಮುತ್ತಿಗೆ ಬಿಗಿದು ದವಸ ಮುಗೀತಾ ಬಂದಾಗ, ಸಿಡುಬು ಹತ್ತಿದ್ದ ಆ ಜನರನ್ನು ಅವನ ಸೈನ್ಯ ಆಚೆ ಅಟ್ಟಿತು. ಕಾಡಲ್ಲಿ, ದಾರಿ ಪಕ್ಕದಲ್ಲಿ ಸತ್ತು ಬಿದ್ದರು. ಅಕ್ಟೋಬರ್ 19ರಂದು ಸೈನ್ಯ ಶರಣಾಗುವಾಗ ಇವನಿಗೆ ಮೈಗೆ ಹುಷಾರಿಲ್ಲ! ಕತ್ತಿ ಕೊಡೋಕೆ ಕೆಳಗಿನವನನ್ನು ಕಳಿಸಿದ. ಇಷ್ಟಾದ ಮೇಲೆ ಸಿಕ್ಕಿದ್ದೇನು? 1786ರಲ್ಲಿ ಇಂಡಿಯಾದ ಗವರ್ನರ್ ಜನರಲ್ ಗಾದಿ.

ಅಲ್ಲಿ ಕಂದಕ ತೋಡಿದವರಿಗೆ ಆದದ್ದೇ ಬಂದೂಕು ಹಿಡಿದ ನಮ್ಮವರಿಗೂ ಆಯ್ತು. ಕೋರೆಗಾಂವ್‌ನಲ್ಲಿ 1818ರಲ್ಲಿ ಪ್ರಾಣ ಕೊಟ್ಟ ಮಹಾರರನ್ನು, ಇವರು ವೀರ ಜಾತಿಯವರಲ್ಲ ಅಂತ 1890ರ ದಶಕದಲ್ಲಿ ಸೈನ್ಯಕ್ಕೆ ಸೇರಿಸಿಕೊಳ್ಳೋದನ್ನೇ ಅದೇ ಬ್ರಿಟಿಷರು ನಿಲ್ಲಿಸಿದರು.

ಹಾಗಂತ ನಮ್ಮ ರಾಜ, ನಮ್ಮ ದಳವಾಯಿ ಅಂತ ಎದೆ ಉಬ್ಬಿಸೋರ ಜೊತೆಗೂ ನಾನಿಲ್ಲ. 1728ರಲ್ಲಿ ಮೈಸೂರಿನ ದಳವಾಯಿ ಇದೇ ಬೆಟ್ಟ ಹಿಡಿದು ಮಾಗಡಿಯ ಕೆಂಪೇಗೌಡನನ್ನು ಶ್ರೀರಂಗಪಟ್ಟಣದಲ್ಲಿ ಸೆರೆ ಹಾಕಿದ. ಕನ್ನಡದವರ ಮೇಲೆ ಕನ್ನಡದವರದೇ ದಂಡು. ಹೊಲಗೇರಿ ಊರಾಚೆಯೇ ಇತ್ತು.

ಮೇಷ್ಟ್ರೇ, ಇನ್ನೊಂದು ಸಲ ಮಕ್ಕಳನ್ನು ಸಾವನದುರ್ಗಕ್ಕೆ ಕರಕೊಂಡು ಹೋದಾಗ, ಯಾರು ಗೆದ್ದರು ಅಂತ ಆಮೇಲೆ ಕೇಳಿ. ಅಷ್ಟು ಭಾರದ ಫಿರಂಗಿ ಆ ಬಂಡೆಗಳ ನಡುವೆ ಹೇಗೆ ಬಂತು ಅಂತ ಮೊದಲು ಕೇಳಿ.