ಮೊದಲು ಚುಚ್ಚುಮದ್ದು, ಆಮೇಲೆ ವಾರ್ಡು

ಪಿಯುಸಿ ಸೈನ್ಸ್ ಮುಗಿಸಿ ರೆಸ್ಪಿರೇಟರಿ ಕೇರ್ ಬಿ.ಎಸ್ಸಿ. ಸೇರುವ ಮಕ್ಕಳು ಏನು ಓದುತ್ತಾರೆ ಅನ್ನೋದು 2020ಕ್ಕೆ ಮುಂಚೆ ಬಹಳ ಮಂದಿಗೆ ಗೊತ್ತಿರಲಿಲ್ಲ. ಕೊರೊನಾ ಬಂತು, ವೆಂಟಿಲೇಟರ್ ಅನ್ನೋ ಮಾತು ಚಹಾದಂಗಡಿಗೂ ಬಂತು. ಆ ಯಂತ್ರ ನೋಡಿಕೊಳ್ಳುವುದು, ಆಕ್ಸಿಜನ್ ಅಳೆದು ಕೊಡುವುದು, ಗಂಟಲಿನ ಕಫ ಎಳೆದು ತೆಗೆಯುವುದು ಇವರ ಕೆಲಸ. ಕೆಮ್ಮುವ ರೋಗಿಯ ಬಾಯಿಂದ ಒಂದೆರಡು ಗೇಣು ದೂರದಲ್ಲಿ ಇವರ ಮುಖ ಇರುತ್ತದೆ.

ಇಂಥ ಜಾಗಕ್ಕೆ ಹದಿನೆಂಟು, ಹತ್ತೊಂಬತ್ತರ ಮಕ್ಕಳನ್ನು ಕಳಿಸುವ ಮುನ್ನ ಕಾಲೇಜಿನವರು ಮಾಡಬೇಕಾದ್ದು ಬಿಳಿ ಕೋಟಿಗೆ ದುಡ್ಡು ಕಟ್ಟಿಸಿಕೊಳ್ಳುವುದಷ್ಟೇ ಅಲ್ಲ. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸು. ಮೊದಲನೆಯದಾದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಪೋಸ್ಟಿಂಗಿನ ಹಿಂದಿನ ದಿನ ಎಚ್ಚೆತ್ತರೆ ಏನು ಬಂತು? ಅಡ್ಮಿಷನ್ ಆದ ವಾರದಲ್ಲೇ ಶುರುವಾಗಬೇಕು. ಈ ವಿದ್ಯಾರ್ಥಿಗಳು ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆಯಲು ಕಲಿಯುವವರು. ಬಳಸಿದ ಸೂಜಿಗೆ ಮತ್ತೆ ಕ್ಯಾಪು ಹಾಕಲು ಹೋದರೆ ಬೆರಳಿಗೆ ಚುಚ್ಚುತ್ತದೆ. ಬೈಸಿಕೊಳ್ಳುವ ಭಯಕ್ಕೆ ಹುಡುಗ ಸುಮ್ಮನಾದರೆ ಕೆಟ್ಟ. ಎಚ್‌ಐವಿ ತಡೆಯುವ ಮಾತ್ರೆ ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದು. 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ರಾತ್ರಿ ಎರಡು ಗಂಟೆಗೆ ಚುಚ್ಚಿಕೊಂಡರೆ ಯಾರಿಗೆ ಹೇಳಬೇಕು ಅಂತ ವಾರ್ಡಿನ ಗೋಡೆ ಮೇಲೆ ಬರೆದಿದೆಯೇ?

ಇದೇನೂ ದಾನಧರ್ಮವಲ್ಲ. ಆಸ್ಪತ್ರೆ ತನ್ನ ಸಿಬ್ಬಂದಿಗೂ, ತ್ಯಾಜ್ಯ ಮುಟ್ಟುವ ಇತರರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕೆಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳೇ ಹೇಳುತ್ತವೆ. ಬಳಸಿದ ಕೊಳವೆಯನ್ನು ಕೆಂಪು ಚೀಲಕ್ಕೂ ಸೂಜಿಯನ್ನು ಬಿಳಿ ಡಬ್ಬಿಗೂ ಹಾಕುವ ವಿದ್ಯಾರ್ಥಿ ಆ ‘ಇತರರ’ ಪೈಕಿ ಅಲ್ಲದೆ ಇನ್ಯಾರು?

ಇನ್ನು ಮಾಸ್ಕು. ನೀಲಿ ಸರ್ಜಿಕಲ್ ಮಾಸ್ಕು ಹಾಕಿದವರ ಎಂಜಲು ಎದುರಿನವರಿಗೆ ಸಿಡಿಯದ ಹಾಗೆ ತಡೆಯುತ್ತದೆ. ಕೆನ್ನೆ ಪಕ್ಕದ ಸಂದಿಯಿಂದ ಗಾಳಿ ಮಾತ್ರ ನುಗ್ಗುತ್ತಲೇ ಇರುತ್ತದೆ. ಕ್ಷಯದ ರೋಗಾಣು ಗಾಳಿಯಲ್ಲಿ ತೇಲುವಂಥದ್ದು. ಅಂಥ ರೋಗಿಯ ಕಫ ಎಳೆಯುವಾಗ ಎನ್-95 ಬೇಕು, ಅದೂ ಮುಖಕ್ಕೆ ಬಿಗಿಯಾಗಿ ಕೂತಿರಬೇಕು. ಗಡ್ಡ ಬಿಟ್ಟವರಿಗೆ ಅದು ಸರಿಯಾಗಿ ಕೂರೋದಿಲ್ಲ. ಈಗಿನ ಹುಡುಗರಿಗೆ ಬೇಜಾರಾದರೂ ಮಾತು ನಿಜ. ವಾರ್ಡಿನ ಕಿಟಕಿ ತೆಗೆದಿಡೋದಕ್ಕಂತೂ ಟೆಂಡರ್ ಕರೆಯಬೇಕಿಲ್ಲ.

ರೋಗಿಯ ಪಾಡೂ ಇದರಲ್ಲೇ ಇದೆ. ಆಕ್ಸಿಜನ್ ಪೈಪಿನ ಜೊತೆ ಗುಳುಗುಳು ಅನ್ನುವ ನೀರಿನ ಬಾಟಲಿಯನ್ನು ಆಸ್ಪತ್ರೆಗೆ ಹೋದವರೆಲ್ಲ ನೋಡಿದ್ದಾರೆ. ಅದಕ್ಕೆ ಸ್ಟೆರೈಲ್ ನೀರೇ ಹಾಕಬೇಕು. ನಲ್ಲಿ ನೀರು ಸುರಿದರೆ ಸೂಡೊಮೊನಾಸ್‌ನಂಥ ರೋಗಾಣು ಅಲ್ಲೇ ಮನೆ ಮಾಡುತ್ತದೆ. ಕಮ್ಮಿಯಾಯ್ತು ಅಂತ ಹಳೇ ನೀರಿನ ಮೇಲೆ ಹೊಸದು ಸುರಿಯೋದೂ ತಪ್ಪು. ನೆಬ್ಯುಲೈಸರ್ ಕಪ್ ಇನ್ನೂ ಅಪಾಯದ್ದು. ಔಷಧಿಯನ್ನು ಸಣ್ಣ ಹನಿಯಾಗಿಸಿ ಶ್ವಾಸಕೋಶದ ತಳಕ್ಕೆ ಕಳಿಸೋದೇ ಅದರ ಕೆಲಸ. ಕಪ್‌ನಲ್ಲಿ ರೋಗಾಣು ಇದ್ದರೆ ಅದನ್ನೂ ಅಷ್ಟೇ ನಿಷ್ಠೆಯಿಂದ ತಲುಪಿಸುತ್ತದೆ. ಒಬ್ಬರಿಗೆ ಹಾಕಿದ್ದನ್ನು ಪಕ್ಕದ ಮಂಚದವರಿಗೆ ಹಾಗೇ ಹಾಕುವಂತಿಲ್ಲ. ವೆಂಟಿಲೇಟರ್ ಕೊಳವೆಯಲ್ಲಿ ನಿಂತ ನೀರನ್ನು ರೋಗಿಯ ಕಡೆ ವಾಲದಂತೆ ಚೆಲ್ಲಬೇಕು.

ಕೈ ತೊಳೆಯುವ ಪಾಠ ಇಂದಿನದಲ್ಲ. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್ವೈಸ್ ಎಂಬ ವೈದ್ಯ ಡಾಕ್ಟರುಗಳ ಕೈ ತೊಳೆಸಿಯೇ ಬಾಣಂತಿಯರ ಸಾವು ಇಳಿಸಿ ತೋರಿಸಿದ. ಸೋಪು, ನೀರಾದರೆ 40ರಿಂದ 60 ಸೆಕೆಂಡು. ಸ್ಯಾನಿಟೈಸರ್ ಆದರೆ 20ರಿಂದ 30. ಗ್ಲೌಸ್ ಹಾಕಿದ್ದೀನಿ ಅಂತ ಇದಕ್ಕೆ ರಜೆ ಇಲ್ಲ. ಇಷ್ಟೂ ಪುಸ್ತಕದಲ್ಲಿದೆ, ಪರೀಕ್ಷೆಗೂ ಬರುತ್ತದೆ. ಆದರೆ ಒಂದೇ ಗ್ಲೌಸಿನಲ್ಲಿ ನಾಲ್ಕು ಮಂಚ ಸುತ್ತುವ ಹಿರಿಯರ ಹಿಂದೆ ನಿಂತ ಹುಡುಗಿ ಯಾವುದನ್ನು ಕಲೀತಾಳೆ? ‘ಸರ್, ಕೈ ತೊಳೀಲಿಲ್ಲ’ ಅನ್ನೋ ಧೈರ್ಯ, ಇಂಟರ್ನಲ್ ಮಾರ್ಕ್ಸು ಅವರ ಕೈಯಲ್ಲೇ ಇರುವಾಗ ಯಾರಿಗೆ ಬರುತ್ತೆ?

ಮುಂದಿನ ಬ್ಯಾಚು ವಾರ್ಡಿಗೆ ಕಾಲಿಡುವ ಮುನ್ನ ಜಿಲ್ಲಾ ಶಸ್ತ್ರಚಿಕಿತ್ಸಕರು ಕಾಲೇಜುಗಳಿಂದ ಒಂದು ಪಟ್ಟಿ ತರಿಸಿಕೊಳ್ಳಲಿ. ಯಾರಿಗೆ ಮೂರೂ ಡೋಸು ಆಗಿದೆ, ಯಾರಿಗೆ ಯಾವ ಅಳತೆಯ ಎನ್-95 ಕೂರುತ್ತದೆ, ಸೂಜಿ ಚುಚ್ಚಿದರೆ ಯಾರಿಗೆ ಫೋನು ಮಾಡಬೇಕು ಎಂಬುದು ಅದರಲ್ಲಿರಲಿ. ಪಟ್ಟಿ ಕೊಡದ ಕಾಲೇಜಿಗೆ ವಾರ್ಡು ಕೊಡಬಾರದು. ಫೀಸು ಕಟ್ಟಿದ ಅಪ್ಪ ಅಮ್ಮಂದಿರೂ ಪ್ರಿನ್ಸಿಪಾಲರ ಕೋಣೆಗೆ ಹೋಗಿ ಅದೇ ಪಟ್ಟಿ ಕೇಳಲಿ.