ಚಲಿಸುವ ಮನೆಗೆ ಎಷ್ಟು ಆಂಪಿಯರ್‌ನ ಫ್ಯೂಸ್?

ಬೆಂಗಳೂರು: 2025ರ ಅಕ್ಟೋಬರ್‌ನಲ್ಲಿ ಹತ್ತು ದಿನಗಳ ಅಂತರದಲ್ಲಿ ಎರಡು ಸ್ಲೀಪರ್ ಬಸ್ಸುಗಳು ಸುಟ್ಟು ಕರಕಲಾದವು. 14ರಂದು ರಾಜಸ್ಥಾನದ ಜೈಸಲ್ಮೇರ್‌ನಿಂದ ಜೋಧಪುರಕ್ಕೆ ಹೊರಟಿದ್ದ ಬಸ್ಸಿನಲ್ಲಿ 20ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. 24ರ ನಸುಕಿನಲ್ಲಿ ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸು ಕರ್ನೂಲಿನ ಬಳಿ ರಸ್ತೆಯ ಮೇಲೆ ಬಿದ್ದಿದ್ದ ಬೈಕನ್ನು ಎಳೆದೊಯ್ದು ಹೊತ್ತಿಕೊಂಡಿತು. 19 ಪ್ರಯಾಣಿಕರು ಬೆಂಕಿಗೆ ಆಹುತಿಯಾದರು. ಮೊದಲನೆಯ ದುರಂತದಲ್ಲಿ ಹವಾನಿಯಂತ್ರಣ ವ್ಯವಸ್ಥೆಯ ಶಾರ್ಟ್ ಸರ್ಕ್ಯೂಟ್ ಮೇಲೆ ಪ್ರಾಥಮಿಕ ಅನುಮಾನ ವ್ಯಕ್ತವಾಯಿತು. ಎರಡನೆಯದರಲ್ಲಿ ಬೆಂಕಿಯ ಮೂಲ ಬೇರೆಯಾದರೂ, ಬಸ್ಸಿನ ಬ್ಯಾಟರಿಗಳೂ ಸಿಡಿದಿದ್ದವೆಂದು ಅಗ್ನಿಶಾಮಕ ಅಧಿಕಾರಿಗಳು ಹೇಳಿದರು. ಮುಂಬಾಗಿಲು ತೆರೆಯಲಿಲ್ಲವೆಂದು ಬದುಕುಳಿದವರು ಹೇಳಿದರು.

ಆ ಬಳಿಕ ನಮ್ಮ ರಾಜ್ಯದಲ್ಲಿಯೂ ತುರ್ತು ನಿರ್ಗಮನ ದ್ವಾರ, ಗಾಜು ಒಡೆಯುವ ಸುತ್ತಿಗೆ, ಅಗ್ನಿಶಾಮಕ ಸಿಲಿಂಡರ್, ಡಿಕ್ಕಿಯಲ್ಲಿ ಸಾಗಿಸುವ ಸರಕು ಇವುಗಳ ಕುರಿತು ಸಾಕಷ್ಟು ಚರ್ಚೆ ನಡೆಯಿತು. ಇವೆಲ್ಲವೂ ಬೇಕಾದವೇ. ಆದರೆ ಬೆಂಕಿ ಹುಟ್ಟುವುದಕ್ಕೆ ಮುನ್ನವೇ ಅದನ್ನು ತಡೆಯಬೇಕಾದ, ಅಂಗೈಯಗಲದ ಒಂದು ಪೆಟ್ಟಿಗೆಯ ಮಾತು ಎಲ್ಲಿಯೂ ಬರಲಿಲ್ಲ. ಅದು ಫ್ಯೂಸ್ ಪೆಟ್ಟಿಗೆ.

ಕಲಾಸಿಪಾಳ್ಯದಿಂದ ರಾತ್ರಿ ಹೊರಡುವ ಸ್ಲೀಪರ್ ಬಸ್ಸು, ಸಿನಿಮಾ ಚಿತ್ರೀಕರಣದ ಸ್ಥಳದಲ್ಲಿ ನಿಲ್ಲುವ ಕ್ಯಾರವಾನ್, ಚುನಾವಣೆ ಬಂದಾಗ ರಾಜಕೀಯ ಪಕ್ಷಗಳು ಸಿದ್ಧಪಡಿಸಿಕೊಳ್ಳುವ 'ರಥ', ಪ್ರವಾಸಕ್ಕೆ ಬಾಡಿಗೆಗೆ ದೊರೆಯುವ ಮೋಟಾರ್‌ಹೋಮ್ ಇವು ನಾಲ್ಕೂ ನೋಟಕ್ಕೆ ಬೇರೆಬೇರೆ. ವಿದ್ಯುತ್ತಿನ ದೃಷ್ಟಿಯಿಂದ ಇವುಗಳದ್ದು ಒಂದೇ ಕುಲ. ಎಂಜಿನ್ ಮತ್ತು ಚಾಸಿ ಒಂದು ಕಾರ್ಖಾನೆಯಿಂದ ಬರುತ್ತವೆ. ಮಲಗುವ, ಉಣ್ಣುವ, ತಣ್ಣಗಿರುವ ಸೌಕರ್ಯಗಳನ್ನು ಬಹುಮಟ್ಟಿಗೆ ಮತ್ತೊಂದು ಕಡೆ ಜೋಡಿಸಲಾಗುತ್ತದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಕ್ಯಾರವಾನ್ ಪ್ರವಾಸಕ್ಕೆಂದು ನೀತಿ ರೂಪಿಸಿದ್ದು 2010ರಲ್ಲಿ. ನೆರೆಯ ಕೇರಳ 2021ರಲ್ಲಿ ತನ್ನದೇ ಯೋಜನೆ ಪ್ರಕಟಿಸಿತು. ಬೆಂಗಳೂರಿನಿಂದಲೂ ಇಂಥ ವಾಹನಗಳು ಬಾಡಿಗೆಗೆ ಹೊರಡುತ್ತಿವೆ. ಹೀಗಾಗಿ ಚಲಿಸುವ ಮನೆಯೊಳಗಿನ ವಿದ್ಯುತ್ತು ಹೇಗೆ ಕೆಲಸ ಮಾಡುತ್ತದೆ, ಅದರ ಹೊಣೆ ಯಾರದು ಎಂಬ ಪ್ರಶ್ನೆ ಕೆಲವೇ ಸಿರಿವಂತರ ಹವ್ಯಾಸಕ್ಕೆ ಸೀಮಿತವಾಗಿ ಉಳಿದಿಲ್ಲ.

ಅಂಕಿ ತಂತಿಗಾಗಿ

ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ ತಲುಪಿ ಬೀದಿ ದೀಪಗಳು ಬೆಳಗಿದ್ದು 1905ರಲ್ಲಿ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಮನೆಗಳಲ್ಲಿ ಬೆಳೆದವರಿಗೆ ಬಾಗಿಲ ಮೇಲಿನ ಮರದ ಹಲಗೆ, ಅದರ ಮೇಲಿನ ಬಿಳಿ ಪಿಂಗಾಣಿ ಫ್ಯೂಸ್‌ಗಳ ಪರಿಚಯ ಇದ್ದೇ ಇದೆ. ಫ್ಯೂಸ್ ಹೋದಾಗ ಮನೆಯ ಹಿರಿಯರು ಮೇಣದಬತ್ತಿ ಹಿಡಿದು ಕುರ್ಚಿ ಹತ್ತುತ್ತಿದ್ದರು. ಪದೇಪದೇ ಹೋಗುತ್ತಿದ್ದರೆ ಒಂದೆಳೆ ತಂತಿಯ ಬದಲು ಮೂರೆಳೆ ಸುತ್ತಿಬಿಡುತ್ತಿದ್ದರು. ಆಮೇಲೆ ಅದು ಹೋಗುತ್ತಿರಲಿಲ್ಲ. ಸಮಸ್ಯೆ ಬಗೆಹರಿಯಿತೆಂದು ಮನೆಮಂದಿ ನೆಮ್ಮದಿಯಾಗಿರುತ್ತಿದ್ದರು.

ಆ ನೆಮ್ಮದಿ ಎಷ್ಟು ಅಪಾಯಕಾರಿ ಎಂಬುದು ಫ್ಯೂಸಿನ ಕೆಲಸ ಏನೆಂದು ತಿಳಿದರೆ ಅರ್ಥವಾಗುತ್ತದೆ. ಟಿವಿಯನ್ನೋ ಪಂಪನ್ನೋ ಕಾಪಾಡಲು ಫ್ಯೂಸ್ ಇದೆಯೆಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಅದು ಮೊದಲು ಕಾಪಾಡುವುದು ಗೋಡೆಯೊಳಗಿನ ಅಥವಾ ಹಲಗೆಯ ಹಿಂದಿನ ತಂತಿಯನ್ನು. ತಂತಿ ತಡೆದುಕೊಳ್ಳುವಷ್ಟು ಪ್ರವಾಹ ಮೀರಿದರೆ ತಂತಿಗಿಂತ ಮೊದಲು ತಾನು ಕರಗಬೇಕು. ಆದ್ದರಿಂದ ಫ್ಯೂಸಿನ ಮೇಲಿರುವ ಅಂಕಿಯನ್ನು ನಿರ್ಧರಿಸಬೇಕಾದುದು ತಂತಿಯ ದಪ್ಪ. ಉಪಕರಣದ ಹಸಿವನ್ನು ನೋಡಿ ಫ್ಯೂಸ್ ಹಾಕುವುದೆಂದರೆ ಲೆಕ್ಕವನ್ನು ತಲೆಕೆಳಗು ಮಾಡಿದಂತೆ.

ವಾಹನಗಳಲ್ಲಿ ಈ ಲೆಕ್ಕ ಮನೆಗಿಂತ ಬಿಗಿಯಾದುದು. ಮನೆಯಲ್ಲಿ 230 ವೋಲ್ಟ್. 300 ವಾಟ್‌ನ ಉಪಕರಣಕ್ಕೆ ಸುಮಾರು 1.3 ಆಂಪಿಯರ್ ಸಾಕು. ಮೋಟಾರ್‌ಹೋಮಿನ ಮನೆ ಭಾಗದ ಬ್ಯಾಟರಿ ಸಾಮಾನ್ಯವಾಗಿ 12 ವೋಲ್ಟ್. ಅದೇ 300 ವಾಟ್‌ಗೆ 25 ಆಂಪಿಯರ್ ಬೇಕು. ನೀರು ಕಾಯಿಸುವ 1500 ವಾಟ್‌ನ ಕೆಟಲನ್ನು ಇನ್ವರ್ಟರ್ ಮೂಲಕ ಹಚ್ಚಿದರೆ ಬ್ಯಾಟರಿಯಿಂದ 125 ಆಂಪಿಯರ್‌ಗೂ ಹೆಚ್ಚು ಹರಿಯುತ್ತದೆ. ಅದಕ್ಕೆ ಬೆರಳು ಗಾತ್ರದ ಕೇಬಲ್ ಬೇಕು. 12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ಹಾಗಾಗಿ ಅದು ನಿರಪಾಯಕಾರಿ ಎಂಬ ಭಾವನೆ ವಾಹನದ ವೈರಿಂಗ್ ಮಾಡುವವರಲ್ಲಿಯೂ ಇದೆ. ಶಾಕ್ ಹೊಡೆಯದು ಎಂಬುದು ಬಹುಮಟ್ಟಿಗೆ ನಿಜ. ಬೆಂಕಿ ಹಚ್ಚುವ ವಿಷಯದಲ್ಲಿ ಅದು 230 ವೋಲ್ಟ್‌ಗೆ ಏನೂ ಕಡಿಮೆಯಲ್ಲ, ಏಕೆಂದರೆ ತಂತಿ ಬಿಸಿಯಾಗುವುದು ಪ್ರವಾಹದ ವರ್ಗಕ್ಕೆ ಅನುಗುಣವಾಗಿ. ಪ್ರವಾಹ ಇಮ್ಮಡಿಯಾದರೆ ಶಾಖ ನಾಲ್ಮಡಿಯಾಗುತ್ತದೆ.

ಒಂದು ಉದಾಹರಣೆ ನೋಡೋಣ. ಕ್ಯಾರವಾನ್‌ನ ದೀಪ ಮತ್ತು ನೀರಿನ ಪಂಪಿಗೆಂದು 1.5 ಚದರ ಮಿಲಿಮೀಟರ್‌ನ ತಂತಿ ಎಳೆದು 15 ಆಂಪಿಯರ್ ಫ್ಯೂಸ್ ಹಾಕಲಾಗಿದೆ. ಮಾಲೀಕರು ಅದೇ ತಂತಿಯ ತುದಿಗೆ 300 ವಾಟ್‌ನ ಇನ್ವರ್ಟರ್ ಸೇರಿಸುತ್ತಾರೆ. ಫ್ಯೂಸ್ ಹೋಗುತ್ತದೆ. ನೀಲಿ ಬಣ್ಣದ 15 ಆಂಪಿಯರ್ ಬ್ಲೇಡ್ ಫ್ಯೂಸ್ ಕಿತ್ತು ಹಸಿರು ಬಣ್ಣದ 30 ಆಂಪಿಯರ್‌ನದನ್ನು ಹಾಕುತ್ತಾರೆ. ಎರಡರ ಗಾತ್ರವೂ ಒಂದೇ ಆದ್ದರಿಂದ ಅದೇ ಕಂಡಿಯಲ್ಲಿ ಸಲೀಸಾಗಿ ಕೂರುತ್ತದೆ. ಈಗ ತಂತಿಯಲ್ಲಿ 25 ಆಂಪಿಯರ್ ಹರಿಯುತ್ತಿದೆ. 15 ಆಂಪಿಯರ್ ಇದ್ದಾಗಿನ ಶಾಖದ ಸುಮಾರು ಮೂರು ಪಟ್ಟು. ಪ್ಲೈವುಡ್ ಮತ್ತು ಫೋಮ್‌ನ ನಡುವೆ ಇತರ ತಂತಿಗಳೊಡನೆ ಕಂತೆ ಕಟ್ಟಿದ ಆ ತಂತಿಗೆ ಗಾಳಿಯಾಡುವುದಿಲ್ಲ. ಹಸಿರು ಫ್ಯೂಸಿನ ಪಾಲಿಗೆ ಎಲ್ಲವೂ ಸರಿಯಾಗಿಯೇ ಇದೆ.

ಫ್ಯೂಸ್ ತನ್ನ ಅಂಕಿ ಮೀರಿದ ಕೂಡಲೇ ಕರಗುತ್ತದೆ ಎಂಬುದೂ ತಪ್ಪು ತಿಳಿವಳಿಕೆ. ವಾಹನದ ಬ್ಲೇಡ್ ಫ್ಯೂಸ್‌ಗಳ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಶೇ 110ರಷ್ಟು ಪ್ರವಾಹದಲ್ಲಿ ಅದು ಕನಿಷ್ಠ 100 ಗಂಟೆ ತಾಳಿಕೊಳ್ಳಬೇಕು. ಶೇ 135ರಷ್ಟು ಪ್ರವಾಹದಲ್ಲಿ ಕರಗಲು ಹತ್ತು ನಿಮಿಷದವರೆಗೂ ತೆಗೆದುಕೊಳ್ಳಬಹುದು. ಎಂದರೆ 30ರ ಫ್ಯೂಸ್ 33 ಆಂಪಿಯರ್ ಹೊತ್ತು ಬೆಂಗಳೂರಿನಿಂದ ಮುಂಬೈಗೆ ಹೋಗಿ ಬಂದರೂ ಕರಗಬೇಕಿಲ್ಲ.

ಇದಕ್ಕೆಲ್ಲ ಚಾಲಕರನ್ನೋ ಮೆಕ್ಯಾನಿಕ್‌ಗಳನ್ನೋ ದೂರುವುದು ಸುಲಭ. ರಾತ್ರಿ ಹನ್ನೆರಡಕ್ಕೆ ಶಿರಾ ದಾಟಿದ ಮೇಲೆ ಎಸಿ ನಿಂತು, ಮೂವತ್ತು ಮಂದಿ ಪ್ರಯಾಣಿಕರು ಕೂಗಾಡುತ್ತಿರುವಾಗ ಚಾಲಕನ ಕೈಯಲ್ಲಿ ಸರಿಯಾದ ಫ್ಯೂಸ್ ಇಲ್ಲದಿದ್ದರೆ ಆತ ಏನು ಮಾಡಬೇಕು? ತಾಮ್ರದ ಎಳೆ ಸುತ್ತುವುದು, ಸಿಗರೇಟು ಪ್ಯಾಕಿನ ಬೆಳ್ಳಿ ಹಾಳೆ ಮಡಚಿ ತುರುಕುವುದು ಹೆದ್ದಾರಿಗಳಲ್ಲಿ ಹೊಸತಲ್ಲ. ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಕೆಲವೇ ರೂಪಾಯಿಗೆ ದೊರೆಯುವ ಫ್ಯೂಸ್‌ಗಳ ಒಂದು ಪೊಟ್ಟಣವನ್ನು ಬಸ್ಸಿನಲ್ಲಿ ಇಡಿಸದ ಮಾಲೀಕರೇ ಇಲ್ಲಿ ಮೊದಲ ಹೊಣೆಗಾರರು ಎಂಬುದು ಈ ವರದಿಗಾರನ ಅಭಿಪ್ರಾಯ.

ಫ್ಯೂಸಿಗೆ ಕಾಣದ ಬೆಂಕಿ

ಸರಿಯಾದ ಫ್ಯೂಸ್ ಇದ್ದ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದಲ್ಲ. ರಸ್ತೆಯ ಕುಲುಕಾಟದಿಂದ ಒಂದು ಸ್ಕ್ರೂ ಸಡಿಲವಾಯಿತೆನ್ನಿ. ಆ ಜೋಡಣೆಯಲ್ಲಿ ಒಂದು ಓಮ್‌ನ ಹತ್ತನೇ ಒಂದು ಭಾಗದಷ್ಟು ರೋಧ ಉಂಟಾದರೂ 20 ಆಂಪಿಯರ್ ಹರಿಯುವಾಗ ಅಲ್ಲಿ 40 ವಾಟ್ ಶಾಖ ಹುಟ್ಟುತ್ತದೆ. ಬೆಸುಗೆ ಹಾಕುವ ಸಣ್ಣ ಸೋಲ್ಡರಿಂಗ್ ಕಬ್ಬಿಣದಷ್ಟು ಶಾಖ ಅದು. ಪ್ರವಾಹ ಹೆಚ್ಚಿಲ್ಲವಾದ್ದರಿಂದ ಫ್ಯೂಸಿಗೆ ಇದು ಗೊತ್ತಾಗುವುದಿಲ್ಲ. ಮನೆಯ ಸ್ವಿಚ್ ಬೋರ್ಡ್ ಅಲುಗಾಡದು. ಚಲಿಸುವ ಮನೆಯ ಪ್ರತಿಯೊಂದು ಜೋಡಣೆಯೂ ದಿನವಿಡೀ ಅಲುಗಾಡುತ್ತದೆ. ಸುಟ್ಟ ವಾಸನೆ, ಬಣ್ಣಗೆಟ್ಟ ಪ್ಲಾಸ್ಟಿಕ್, ಮುಟ್ಟಿದರೆ ಬಿಸಿ ಎನಿಸುವ ಫ್ಯೂಸ್ ಪೆಟ್ಟಿಗೆ ಇವೇ ಅಲ್ಲಿ ಸಿಗುವ ಮುನ್ಸೂಚನೆಗಳು.

ಬ್ಯಾಟರಿಯಿಂದ ಫ್ಯೂಸ್‌ವರೆಗಿನ ತಂತಿಗೆ ಯಾವ ರಕ್ಷಣೆಯೂ ಇಲ್ಲ ಎಂಬುದು ಇನ್ನೊಂದು ಅಂಶ. ಆದ್ದರಿಂದಲೇ ಮುಖ್ಯ ಫ್ಯೂಸನ್ನು ಬ್ಯಾಟರಿಗೆ ಸಾಧ್ಯವಾದಷ್ಟು ಹತ್ತಿರ ಇರಿಸಬೇಕು. ಅದು ಎರಡು ಮೀಟರ್ ದೂರದಲ್ಲಿದ್ದು, ನಡುವಿನ ತಂತಿ ರಬ್ಬರ್ ಬಳೆಯಿಲ್ಲದ ತಗಡಿನ ರಂಧ್ರದ ಮೂಲಕ ಹಾದುಬಂದಿದ್ದರೆ, ಸವೆದ ದಿನ ಸಾವಿರಾರು ಆಂಪಿಯರ್ ಚಾಸಿಗೆ ಹರಿಯುತ್ತದೆ. ಈಗ ಜನಪ್ರಿಯವಾಗುತ್ತಿರುವ ಲಿಥಿಯಂ ಬ್ಯಾಟರಿಗಳಲ್ಲಿ ಈ ಹರಿವು ಇನ್ನೂ ರಭಸದ್ದು. ಸಾಮಾನ್ಯ ಬ್ಲೇಡ್ ಫ್ಯೂಸ್ 32 ವೋಲ್ಟ್‌ನಲ್ಲಿ ಸುಮಾರು 1000 ಆಂಪಿಯರ್‌ವರೆಗಿನ ಶಾರ್ಟ್ ಸರ್ಕ್ಯೂಟನ್ನು ಮಾತ್ರ ಸುರಕ್ಷಿತವಾಗಿ ತುಂಡರಿಸಬಲ್ಲದು. ಅದನ್ನು ಮೀರಿದರೆ ಫ್ಯೂಸೇ ಕಿಡಿಯ ಮೂಲವಾಗಬಹುದು. ಅಲ್ಲಿ ಬೇರೆ ಬಗೆಯ ದೊಡ್ಡ ಫ್ಯೂಸ್ ಅಗತ್ಯ. ಮನೆಯಲ್ಲಿ ಬಳಸುವ ಎಂಸಿಬಿಯನ್ನು ತಂದು ಬ್ಯಾಟರಿಗೆ ಜೋಡಿಸುವುದೂ ಸರಿಯಲ್ಲ. ಮನೆಯ ಪರ್ಯಾಯ ವಿದ್ಯುತ್ತು ಸೆಕೆಂಡಿಗೆ ನೂರು ಬಾರಿ ಸೊನ್ನೆಗಿಳಿಯುವುದರಿಂದ ಕಿಡಿ ತಾನಾಗಿ ಆರಲು ಅವಕಾಶವಿದೆ. ಬ್ಯಾಟರಿಯ ನೇರ ವಿದ್ಯುತ್ತಿಗೆ ಆ ಗುಣವಿಲ್ಲ.

ನಿಯಂತ್ರಣ ವ್ಯವಸ್ಥೆಯ ಉಳಿದ ಭಾಗಗಳನ್ನು ಚಿಕ್ಕದಾಗಿ ಹೇಳಬಹುದು. ಎಂಜಿನ್ ಬ್ಯಾಟರಿ ಮತ್ತು ಮನೆ ಬ್ಯಾಟರಿಗಳ ನಡುವೆ ಒಂದು ರಿಲೇ ಇರುತ್ತದೆ: ಎಂಜಿನ್ ಓಡುವಾಗ ಎರಡನ್ನೂ ಬೆಸೆದು ಚಾರ್ಜ್ ಮಾಡುತ್ತದೆ, ನಿಂತಾಗ ಬೇರ್ಪಡಿಸುತ್ತದೆ. ಆ ತಂತಿಗೆ ಎರಡೂ ತುದಿಯಲ್ಲಿ ಬ್ಯಾಟರಿ ಇರುವುದರಿಂದ ಎರಡೂ ತುದಿಯಲ್ಲಿ ಫ್ಯೂಸ್ ಬೇಕು. ಒಂದೇ ಕಡೆ ಹಾಕಿ ಬಿಡುವ ರೂಢಿ ಇದೆ. ತಂಗುದಾಣದಲ್ಲಿ ಹೊರಗಿನ 230 ವೋಲ್ಟ್ ಜೋಡಿಸಿಕೊಂಡರೆ 30 ಮಿಲಿ ಆಂಪಿಯರ್ ಸೋರಿಕೆಗೇ ಸಂಪರ್ಕ ಕಡಿಯುವ ಸಾಧನ ಬೇಕೇಬೇಕು, ಏಕೆಂದರೆ ತಗಡಿನ ಮೈಯ ವಾಹನ ರಬ್ಬರ್ ಚಕ್ರಗಳ ಮೇಲೆ ನಿಂತಿದೆ. ಬಾಗಿಲು ಗಾಳಿಯ ಒತ್ತಡದಿಂದ ಚಲಿಸಿದರೂ ಅದಕ್ಕೆ ಆಜ್ಞೆ ನೀಡುವುದು ವಿದ್ಯುತ್ ಕವಾಟ; ತಂತಿ ಸುಟ್ಟರೆ ಕೈಯಿಂದ ಒತ್ತಡ ಬಿಡುಗಡೆ ಮಾಡುವ ಕೀಲಿಯೊಂದೇ ದಾರಿ.

ಕಾನೂನಿನ ಕಣ್ಣು ಎಲ್ಲಿದೆ?

ನಿಯಮಗಳಿಗೆ ಕೊರತೆಯಿಲ್ಲ. ಬಸ್ಸಿನ ಕವಚಕ್ಕೆ ಎಐಎಸ್-052, ಸ್ಲೀಪರ್ ಬಸ್ಸಿಗೆ ಎಐಎಸ್-119, ಮೋಟಾರ್ ಕ್ಯಾರವಾನ್‌ಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡಗಳಿವೆ. ದೂರ ಪ್ರಯಾಣದ ಬಸ್ಸು ಮತ್ತು ಶಾಲಾ ಬಸ್ಸುಗಳ ಪ್ರಯಾಣಿಕರ ಭಾಗದಲ್ಲಿ ಬೆಂಕಿ ಎಚ್ಚರಿಕೆ ಮತ್ತು ರಕ್ಷಣಾ ವ್ಯವಸ್ಥೆ ಇರಬೇಕೆಂದು ಕೇಂದ್ರ ಸಾರಿಗೆ ಸಚಿವಾಲಯ 2022ರ ಜನವರಿಯಲ್ಲಿ ಅಧಿಸೂಚನೆ ಹೊರಡಿಸಿತು. ವಿಶ್ವಸಂಸ್ಥೆಯ ಬಸ್ ನಿಯಮ 107 ಸ್ಟಾರ್ಟರ್‌ನಂಥ ಕೆಲವನ್ನು ಬಿಟ್ಟು ಪ್ರತಿ ಸರ್ಕ್ಯೂಟ್‌ಗೂ ಫ್ಯೂಸ್ ಅಥವಾ ಬ್ರೇಕರ್ ಇರಬೇಕೆನ್ನುತ್ತದೆ. ಚಿಕ್ಕಪುಟ್ಟ ಸರ್ಕ್ಯೂಟ್‌ಗಳು ಒಂದನ್ನೇ ಹಂಚಿಕೊಂಡರೆ ಅದು 16 ಆಂಪಿಯರ್ ಮೀರಬಾರದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿನ್ಯಾಸವನ್ನು ಬದಲಿಸುವುದನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ ಅಕ್ರಮ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ ಅಥವಾ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ.

ತೊಂದರೆ ಇರುವುದು ಕಾಲದಲ್ಲಿ. ಮಾನದಂಡದ ಪರೀಕ್ಷೆ ನಡೆಯುವುದು ವಾಹನ ಹೊಸದಿದ್ದಾಗ. ನೀಲಿ ಫ್ಯೂಸ್ ಹಸಿರಾಗುವುದು ಎರಡನೆಯ ವರ್ಷದಲ್ಲೋ ಐದನೆಯ ವರ್ಷದಲ್ಲೋ. ವಾಣಿಜ್ಯ ವಾಹನಗಳಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿವರ್ಷ ಅರ್ಹತಾ ಪತ್ರ ಪಡೆಯಬೇಕು. ಅಲ್ಲಿ ಬ್ರೇಕ್, ದೀಪ, ಹೊಗೆಯನ್ನು ಯಂತ್ರ ಅಳೆಯುತ್ತದೆ. ಹಲಗೆಯ ಹಿಂದೆ ಸೇರಿಸಿದ ತಂತಿಯನ್ನು ಯಾವ ಯಂತ್ರವೂ ಅಳೆಯುವುದಿಲ್ಲ. ಅಧಿಕಾರಿ ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆದರೂ ಅಲ್ಲಿ ಎಷ್ಟರ ಫ್ಯೂಸ್ ಇರಬೇಕಿತ್ತೆಂದು ಹೋಲಿಸಿ ನೋಡಲು ಆತನ ಕೈಯಲ್ಲಿ ಪಟ್ಟಿ ಇರಬೇಕಲ್ಲ?

ಕವಚ ಕಟ್ಟಿದವರು ವೈರಿಂಗ್ ನಕ್ಷೆ ಹಾಗೂ ಫ್ಯೂಸ್ ಪಟ್ಟಿಯನ್ನು ನೋಂದಣಿ ಕಡತದೊಂದಿಗೆ ಸಲ್ಲಿಸುವುದು, ಅದರ ಪ್ರತಿಯನ್ನು ಪೆಟ್ಟಿಗೆಯ ಮುಚ್ಚಳದೊಳಗೆ ಅಂಟಿಸುವುದು, ಅರ್ಹತಾ ಪತ್ರ ನವೀಕರಿಸುವಾಗ ಎರಡನ್ನೂ ಹೋಲಿಸಿ ಸಹಿ ಮಾಡುವುದು ದುಬಾರಿ ಕ್ರಮವೇನೂ ಅಲ್ಲ. ಬಣ್ಣಗಳನ್ನು ಬಲ್ಲ ಒಬ್ಬ ಮನುಷ್ಯ, ಒಂದು ಟಾರ್ಚು, ಅರ್ಧ ಗಂಟೆ ಸಾಕು. ಇದರಿಂದ ಎಲ್ಲ ಬೆಂಕಿಯೂ ನಿಲ್ಲದು. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಮೆಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಸೇತುವೆಯ ಗೋಡೆಗೆ ಬಡಿದು ಡೀಸೆಲ್ ಟ್ಯಾಂಕ್ ಒಡೆದು 45 ಮಂದಿ ಸತ್ತಾಗ ಯಾವ ಫ್ಯೂಸೂ ಅವರನ್ನು ಉಳಿಸುವಂತಿರಲಿಲ್ಲ. ಆದರೆ ಡಿಕ್ಕಿಯೇ ಇಲ್ಲದೆ, ಹೋಗುತ್ತಿದ್ದಂತೆ ಅಥವಾ ನಿಂತಲ್ಲಿಯೇ ಹೊತ್ತಿಕೊಳ್ಳುವ ವಾಹನಗಳ ಮಾತು ಬೇರೆ.

ಕ್ಯಾರವಾನ್ ಬಾಡಿಗೆಗೆ ಪಡೆಯುವವರು ಒಂದು ವಿಷಯವನ್ನಂತೂ ಮೊದಲೇ ಕೇಳಿ ತಿಳಿಯಬೇಕು: ವಿದ್ಯುತ್ ಕಡಿಯುವ ಮುಖ್ಯ ಸ್ವಿಚ್‌ಗಳು ಎಷ್ಟಿವೆ, ಎಲ್ಲಿವೆ? ಬ್ಯಾಟರಿ ಎರಡಾದ್ದರಿಂದ ಸ್ವಿಚ್ಚೂ ಎರಡು. ಎಂಜಿನ್ ಬ್ಯಾಟರಿಯದನ್ನು ಚಾಲಕ ಬಲ್ಲ. ಮನೆ ಬ್ಯಾಟರಿಯದು ಎಷ್ಟೋ ವಾಹನಗಳಲ್ಲಿ ಹಿಂಬದಿಯ ಮಂಚದ ಕೆಳಗಿರುತ್ತದೆ. ಅಂದರೆ ರಾತ್ರಿ ಹೊಗೆ ಕಂಡಾಗ ಮಲಗಿದವರನ್ನು ಎಬ್ಬಿಸಿ, ಹಾಸಿಗೆ ಎತ್ತಿ, ಹಲಗೆ ಸರಿಸಿ ಅದನ್ನು ಹುಡುಕಬೇಕು. ಚಾವಣಿಯ ಮೇಲೆ ಸೌರ ಫಲಕಗಳಿದ್ದರೆ ಹಗಲಿನಲ್ಲಿ ಎರಡೂ ಸ್ವಿಚ್ ಆರಿಸಿದ ಮೇಲೆಯೂ ಅವುಗಳಿಂದ ಇಳಿದುಬರುವ ತಂತಿಯಲ್ಲಿ ವಿದ್ಯುತ್ ಇರುತ್ತದೆ. ಅದಕ್ಕೆ ಮೂರನೆಯ ಸ್ವಿಚ್ ಬೇಕು. ಕೀಲಿಕೈ ಪಡೆಯುವ ಮುನ್ನ ಈ ಮೂರನ್ನೂ ಒಮ್ಮೆ ಆರಿಸಿ ತೋರಿಸುವಂತೆ ವಾಹನ ಕೊಡುವವರನ್ನು ಕೇಳಬಹುದು. ಹಾಸಿಗೆಯನ್ನು ಹಗಲಿನಲ್ಲಿಯೇ ಎತ್ತಿ ನೋಡಿದಂತೆಯೂ ಆಗುತ್ತದೆ.